ಕಿವಿ ಹಿಂಡಿದರೆ ಆರುವ ಬೆಂಕಿ

ನಾನು ಶಟರ್ ಕೂಡಿಸುವವನು. ಅಂಗಡಿಗಳ ಮುಂದೆ ಬೆಳಿಗ್ಗೆ ಗಡಗಡ ಎಂದು ಏರಿ ಸಂಜೆ ಗಡಗಡ ಎಂದು ಇಳಿಯುವ ಕಬ್ಬಿಣದ ಬಾಗಿಲು ಇದೆಯಲ್ಲ, ಅದು ನನ್ನ ಅನ್ನ. ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಸುತ್ತಿಗೆ ಹಿಡಿದೆ, ಆಮೇಲೆ ಅದನ್ನು ಕೆಳಗಿಡಲಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕೂಡಿಸಿದ ಶಟರ್ ಇಲ್ಲದ ಪೇಟೆ ಇಲ್ಲ. ಇದನ್ನು ಜಂಬ ಎಂದು ಯಾರಾದರೂ ಅಂದರೆ ಅನ್ನಲಿ. ಆ ಶಟರ್‌ಗಳು ಇಂದಿಗೂ ಒಂದೇ ಕೈಯಲ್ಲಿ ಏರುತ್ತವೆ. ನನಗೆ ಅಷ್ಟು ಸಾಕು.

ಈ ಕೆಲಸದಲ್ಲಿ ಒಂದು ತೊಡಕಿದೆ. ವ್ಯಾಪಾರ ಮುಗಿಯುವವರೆಗೆ ಅಂಗಡಿಯವರು ಹಳೆಯ ಬಾಗಿಲು ಬಿಚ್ಚಲು ಬಿಡುವುದಿಲ್ಲ. ಬಿಚ್ಚಿದ ಮೇಲೆ ಹೊಸದು ಕೂಡುವಷ್ಟರಲ್ಲಿ ಕತ್ತಲೆ. ಒಮ್ಮೊಮ್ಮೆ ಗೋಡೆಯೇ ಸೊಟ್ಟಗಿರುತ್ತದೆ, ಕೆಲಸ ಮರುದಿನಕ್ಕೆ ಹೋಗುತ್ತದೆ. ತೆರೆದ ಅಂಗಡಿಯನ್ನು ಬಿಟ್ಟು ಮನೆಗೆ ಹೋಗುವಂತಿಲ್ಲ. ಆಗ ನನ್ನ ವ್ಯಾನನ್ನು ಅಂಗಡಿಯ ಬಾಯಿಗೆ ಅಡ್ಡ ನಿಲ್ಲಿಸಿ ಅದರಲ್ಲೇ ಮಲಗುತ್ತೇನೆ. ಬೆಳಗಾಗುವವರೆಗೆ ವ್ಯಾನೇ ಬಾಗಿಲು, ನಾನೇ ಚಿಲಕ.

ಹೀಗಾಗಿ ವ್ಯಾನನ್ನು ಮನೆಯಂತೆ ಮಾಡಿಕೊಂಡಿದ್ದೇನೆ. ಹಿಂದಿನ ಸೀಟುಗಳನ್ನು ಕಿತ್ತು ಹಲಗೆಯ ಮಂಚ ಹಾಕಿದ್ದೇನೆ, ಮಂಚದ ಕೆಳಗೆ ಸಾಮಾನಿನ ಪೆಟ್ಟಿಗೆ, ಬದಿಗೆ ನೀರಿನ ಕ್ಯಾನು, ಮೇಲೆ ಒಂದು ಕೌದಿ. ಬೇಸಿಗೆಯಲ್ಲಿ ಇದು ಅರಮನೆ. ಚಳಿಗಾಲದಲ್ಲಿ ಮಾತ್ರ ತಗಡು ನಸುಕಿಗೆ ಹಿಮದಂತೆ ಆಗುತ್ತದೆ. ಅದಕ್ಕೆ ನಾನು ಒಂದು ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತುಂಬಿ ಒಳಗೆ ಇಟ್ಟುಕೊಳ್ಳುತ್ತಿದ್ದೆ. ಆ ಬುಟ್ಟಿಯನ್ನೂ ನಾನೇ ಬೆಸುಗೆ ಹಾಕಿದ್ದು, ಮುಚ್ಚಳ ಸಹಿತ.

ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ನನ್ನ ಮಗಳು ಹಬ್ಬಕ್ಕೆ ಬಂದಾಗ ವ್ಯಾನಿನಲ್ಲಿ ಬೂದಿ ಕಂಡಳು.

"ಅಪ್ಪಾ, ಇದೇನಿದು?"

"ಚಳಿಗೆ ಕೆಂಡ ಇಟ್ಟಿದ್ದೆ."

"ಕಿಡಕಿ?"

"ಕಿಡಕಿ ತೆಗದ್ರ ಚಳಿ ಹೆಂಗ ಹೋಗ್ಬೇಕವಾ?"

ಅವಳು ಕೂಗಾಡಲಿಲ್ಲ. ಮುಚ್ಚಿದ ಗಾಡಿಯಲ್ಲಿ ಕೆಂಡದ ಹೊಗೆ ಮೂಗಿಗೆ ಗೊತ್ತಾಗದಂತೆ ಮನುಷ್ಯನನ್ನು ಹೇಗೆ ಮಲಗಿಸಿಬಿಡುತ್ತದೆ ಎಂದು ಮೆಲ್ಲಗೆ ಹೇಳಿದಳು. ಅಂಥವರನ್ನು ತಂದ ಗಾಡಿಯ ಬಾಗಿಲನ್ನು ತಾನೇ ತೆರೆದಿದ್ದೇನೆ ಎಂದಳು. ಆಮೇಲೆ ಫೋನು ತೆಗೆದು ಏನೋ ಒತ್ತಿದಳು. ವಾರದೊಳಗೆ ಪಾರ್ಸಲ್ ಬಂತು.

ಅಗಲವಾದ ಕಬ್ಬಿಣದ ಬೋಗುಣಿ, ಮಡಚುವ ಮೂರು ಕಾಲು. ಒಳಗೆ ಬಳೆಯಂತೆ ಸುತ್ತಿದ ಕೊಳವೆ, ಅದರ ತುಂಬ ತೂತು. ಒಂದು ಚೀಲದಲ್ಲಿ ಇಟ್ಟಿಗೆಚೂರಿನಂಥ ಹಗುರವಾದ ಕರಿ ಕಲ್ಲುಗಳು. ಅವನ್ನು ಕೊಳವೆಯ ಮೇಲೆ ಹರವಬೇಕು, ಉದ್ದನೆಯ ರಬ್ಬರ್ ಪೈಪನ್ನು ಸಣ್ಣ ಗ್ಯಾಸ್ ಸಿಲಿಂಡರಿಗೆ ಜೋಡಿಸಬೇಕು, ಗುಂಡಿ ತಿರುವಿ ಕಡ್ಡಿ ಗೀರಬೇಕು. ಕಲ್ಲಿನ ಸಂದಿಗಳಿಂದ ಬೆಂಕಿ ಏಳುತ್ತದೆ. ಹೊಗೆ ಇಲ್ಲ, ಬೂದಿ ಇಲ್ಲ. ವ್ಯಾನಿನ ಹೊರಗೆ ಮಾತ್ರ ಹಚ್ಚಬೇಕು, ಮಲಗುವ ಮೊದಲು ಆರಿಸಬೇಕು ಎಂದು ಮಗಳು ನನ್ನಿಂದ ಮಾತು ತೆಗೆದುಕೊಂಡಳು.

ನನ್ನ ಹೆಂಡತಿ ಅದನ್ನು ಸುತ್ತು ಹಾಕಿ ನೋಡಿದಳು. "ಬೆಂಕೀನೂ ಪಾರ್ಸಲ್ ಬರಾಕತ್ತು. ಇನ್ನ ಗಾಳಿ ಒಂದು ಉಳೀತು."

"ಅದೂ ಸಿಲಿಂಡರಿನ್ಯಾಗ ಬರತೈತವ್ವಾ, ನಮ್ಮ ದವಾಖಾನಿಗೆ," ಎಂದಳು ಮಗಳು.

ನನಗೆ ಅದು ಸೇರಲಿಲ್ಲ. ಬೆಂಕಿ ಮಾಡಿಕೊಳ್ಳಲು ಬಾರದವನಿಗೆ ಇದು ಇರಬೇಕು ಎನಿಸಿತು. ಕೆಂಡದ ಬುಟ್ಟಿಯನ್ನು ಬಳಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಆದರೆ ಬಿಸಾಡಲು ಮನಸ್ಸಾಗಲಿಲ್ಲ. ಬುಟ್ಟಿ, ಬೋಗುಣಿ ಎರಡೂ ಮಂಚದ ಕೆಳಗೆ ಒಂದರ ಪಕ್ಕ ಒಂದು ಕುಳಿತು, ತಡಸಕ್ಕೂ ಹಿರೇಕೆರೂರಿಗೂ ನನ್ನ ಜೊತೆ ಸುಮ್ಮನೆ ತಿರುಗಿದವು.

ಬೋಗುಣಿಯನ್ನು ಮೊದಲು ಹಚ್ಚಿದ್ದು ಅಕ್ಕಿಆಲೂರಿನಲ್ಲಿ. ಒಂದು ಅಕ್ಕಿ ಗಿರಣಿಯ ಗೋದಾಮಿಗೆ ಶಟರ್ ಕೂಡಿಸುವುದಿತ್ತು. ಗಿರಣಿಯ ಅಂಗಳದಲ್ಲಿ ಎಲ್ಲಿ ಕಾಲಿಟ್ಟರೂ ಭತ್ತದ ಹೊಟ್ಟು. ಅಲ್ಲಿ ಬೀಡಿ ಹಚ್ಚಿದರೂ ಕಾವಲುಗಾರ ಬೈಯುತ್ತಾನೆ. ಸಂಜೆ ತಂಗಾಳಿ ಬಿಟ್ಟಿತು. ನಾನು ಗೇಟಿನ ಹೊರಗೆ, ಸಿಮೆಂಟಿನ ಕಟ್ಟೆಯ ಮೇಲೆ ಬೋಗುಣಿ ಇಟ್ಟು ಹಚ್ಚಿದೆ. ಕಾವಲುಗಾರ ಕೋಲು ಹಿಡಿದು ಓಡಿ ಬಂದ.

"ಏ ಮಿಸ್ತ್ರಿ, ತಲಿ ಕೆಟ್ಟೈತೇನು? ಗಿರಣಿ ಸುಡ್ತೀಯೇನು?"

ನಾನು ಗುಂಡಿ ತಿರುವಿದೆ. ಬೆಂಕಿ ಇಲ್ಲ. ಮತ್ತೆ ತಿರುವಿ ಕಡ್ಡಿ ಗೀರಿದೆ. ಬೆಂಕಿ ಬಂತು. ಅವನು ಕೋಲನ್ನು ಗೋಡೆಗೆ ಆನಿಸಿ ಕುಳಿತುಕೊಂಡ. ಸ್ವಲ್ಪ ಹೊತ್ತು ಕೈ ಕಾಸಿದ. ಆಮೇಲೆ ಚಡಪಡಿಸತೊಡಗಿದ.

"ಇದರ ಮುಂದ ಮಾತ ಹೊಂಡವಲ್ದು ನೋಡು," ಎಂದ.

"ಯಾಕ?"

"ಕಟಗಿ ಒಟ್ಟಾಕಿಲ್ಲ, ಕೆದರಾಕಿಲ್ಲ, ಊದಾಕಿಲ್ಲ. ಕೈಗೆ ಕೆಲಸಿಲ್ಲಂದ್ರ ಬಾಯಿ ಹೆಂಗ ನಡೀತೈತಿ?"

ಅವನ ಮಾತು ಖರೆ. ಕಟ್ಟಿಗೆಯ ಬೆಂಕಿಯ ಮುಂದೆ ಯಾರೂ ಬರಿಗೈಯಲ್ಲಿ ಕೂರುವುದಿಲ್ಲ. ಒಬ್ಬ ಕೊಳ್ಳಿ ಸರಿಸುತ್ತಾನೆ, ಇನ್ನೊಬ್ಬ ಕಡ್ಡಿ ಮುರಿದು ಹಾಕುತ್ತಾನೆ, ಆ ನೆವದಲ್ಲಿ ಹೇಳಬಾರದ್ದೂ ಹೊರಗೆ ಬರುತ್ತದೆ. ಇದು ದುಡಿಸಿಕೊಳ್ಳದ ಬೆಂಕಿ. ದುಡಿದೇ ಬೆಳೆದ ನನ್ನಂಥವನಿಗೆ ಅದರ ಮುಂದೆ ಕೂತರೆ ಸಾಲ ಉಳಿಸಿಕೊಂಡಂತೆ ಅನಿಸುತ್ತದೆ. ಆದರೆ ಹೊಟ್ಟಿನ ರಾಶಿಯ ಪಕ್ಕದಲ್ಲೇ ನಾವಿಬ್ಬರೂ ಹೆದರಿಕೆ ಇಲ್ಲದೆ ಕುಳಿತಿದ್ದೆವು ಎಂಬುದೂ ಖರೆ. ಆಗ ನನಗೆ ಹತ್ತಿಮತ್ತೂರಿನ ಭಾವ ನೆನಪಾದ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ಊರಿಗೆ ಹತ್ತಿಕೊಂಡೇ ಅವನ ಕಪ್ಪು ಮಣ್ಣಿನ ಎರಿ ಹೊಲ. ಪ್ರತಿ ವರ್ಷ ಹೊಲದ ಒಂದು ಅಂಚಿಗೆ ಅವನು ಸೀತನಿಯ ಜೋಳವನ್ನೇ ಬೇರೆಯಾಗಿ ಬಿತ್ತುತ್ತಿದ್ದ. ತೆನೆಯಲ್ಲಿ ಕಾಳು ಹಾಲುಗಟ್ಟಿ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ಕೊಯ್ದು, ಕುಣಿ ತೋಡಿ, ಸಗಣಿ ಕುಳ್ಳಿನ ಕೆಂಡದಲ್ಲಿ ಹೂತು ಸುಟ್ಟು, ಬಡಿದು ಕಾಳು ಉದುರಿಸಿ ಬಿಸಿಯಾಗಿ ತಿನ್ನುವುದೇ ಸೀತನಿ. ಬೆಲ್ಲ, ಶೇಂಗಾ ಚಟ್ನಿ, ಗಟ್ಟಿ ಮೊಸರು ಜೊತೆಗೆ. ನಾನು, ನನ್ನ ಹೆಂಡತಿ, ಭಾವನ ಗೆಳೆಯನಾದ ಸವಣೂರಿನ ಎಲೆ ವ್ಯಾಪಾರಿ, ಎಲ್ಲರೂ ಆ ದಿನ ಸೇರುತ್ತಿದ್ದೆವು. ಸುಡುವವನು ಭಾವನೇ. ತೆನೆಯನ್ನು ಯಾವಾಗ ಹೊರಳಿಸಬೇಕು ಎಂಬುದು ಅವನಿಗೆ ವಾಸನೆಯಲ್ಲಿ ಗೊತ್ತಾಗುತ್ತಿತ್ತು.

ಬೆಂಕಿಗೆ ನೀರು ಹೊಯ್ಯಬಾರದು ಎಂಬುದು ಆ ಮನೆಯ ರೂಢಿ. ಉಣ್ಣಲು ಕೊಟ್ಟದ್ದರ ಮುಖಕ್ಕೆ ನೀರು ಎರಚಿದಂತೆ ಎನ್ನುತ್ತಾರೆ. ಸೀತನಿ ಮುಗಿದ ಮೇಲೆ ಕುಣಿಗೆ ಮಣ್ಣು ಎಳೆದು ಕೈಮುಗಿದು ಹೊರಡುವುದು. ಮೂರು ವರ್ಷದ ಹಿಂದೆಯೂ ಭಾವ ಹಾಗೆಯೇ ಮಾಡಿದ. ಮಧ್ಯಾಹ್ನ ಗಾಳಿ ಎದ್ದಿತು. ಒಣ ಮಣ್ಣು ಹಾರಿ ಕೆಂಡ ಹೊರಬಿತ್ತು, ಕಿಡಿ ಹೋಗಿ ಶೇಂಗಾ ಬಳ್ಳಿಯ ಬಣವೆಗೆ ಬಿತ್ತು. ಬಣವೆಯ ನೆರಳಿಗೆ ಎತ್ತು ಕಟ್ಟಿದ್ದರು. ಭಾವ ಓಡಿ ಹೋಗಿ ಹಗ್ಗ ಕೊಯ್ದ. ಎತ್ತು ಉಳಿಯಿತು, ಆದರೆ ಅದರ ಬೆನ್ನಿನ ಒಂದು ಬದಿ ಸುಟ್ಟು ಇಂದಿಗೂ ಕೂದಲು ಬಂದಿಲ್ಲ.

ಅಂದಿನಿಂದ ಭಾವ ಹೊಲದಲ್ಲಿ ಕಡ್ಡಿ ಗೀರಲು ಯಾರಿಗೂ ಬಿಡಲಿಲ್ಲ. ಬೀಡಿ ಬಿಟ್ಟ. ಸೀತನಿಯ ಜೋಳ ಬಿತ್ತುವುದನ್ನೂ ಬಿಟ್ಟ. ಸೀತನಿಯ ದಿನಗಳು ಬಂದರೆ ಎತ್ತಿನ ಬೆನ್ನು ಸವರುತ್ತ ಮೇವು ಹಾಕುವ ಗ್ವಾದಲಿಯ ಬಳಿಯೇ ಕೂತಿರುತ್ತಾನೆ ಎಂದು ಅಕ್ಕ ಹೇಳುತ್ತಿದ್ದಳು. ಈ ವರ್ಷ ಅವಳೇ ಭಾವನಿಗೆ ಹೇಳದೆ, ಉಳಿದಿದ್ದ ಬೀಜವನ್ನು ಅಂಚಿಗೆ ಕೆಲವು ಸಾಲು ಹಾಕಿದ್ದಳು. ಭಾವ ನೋಡಿಯೂ ನೋಡದವನಂತೆ ಇದ್ದ.

ಅಕ್ಕಿಆಲೂರಿನಿಂದಲೇ ಅವಳಿಗೆ ಫೋನು ಮಾಡಿದೆ.

"ತೆನಿ ಹಾಲಿಗೆ ಬಂದಾವ," ಎಂದಳು. "ಇನ್ನೊಂದು ನಾಕೈದು ದಿನ ಹೋದ್ರ ಬಲೀತಾವ. ಇದ್ದಷ್ಟು ಬೀಜ ಹಾಕೇನಿ, ತಮ್ಮಾ. ಈ ಸಲ ಸುಡಲಿಲ್ಲ ಅಂದ್ರ ನಾ ಮುಂದ ಬಿತ್ತೂದಿಲ್ಲ. ಆ ಮನಷಾ ಬೆಂಕಿ ಮುಂದ ಮತ್ತ ಕುಂದರೂದೂ ಇಲ್ಲ."

"ನಾ ಬರ್ತೇನಿ. ನನ್ನ ಹತ್ತೇಕ ಒಂದು ಬೆಂಕಿ ಐತಿ, ಅದು ಎಲ್ಲೂ ಹಾರೂದಿಲ್ಲ. ಅದರ ಮ್ಯಾಲ ಸೀತನಿ ಸುಡೋಣು."

"ಸುಡಾಕ ಬರತೈತೇನು?"

"ಬೆಂಕಿ ಅಂದ್ರ ಬೆಂಕಿ ಅಕ್ಕಾ. ಬಿಸಿ ಬಿಸೀನ."

ಆ ವಾರವೇ ಸವಣೂರಿನಲ್ಲಿ ನನಗೆ ಕೆಲಸವಿತ್ತು, ಅದೇ ಎಲೆ ವ್ಯಾಪಾರಿಯ ಅಂಗಡಿಗೆ. ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಅವನಿಗೆ ವಿಷಯ ಹೇಳಿದೆ. ಅವನು ಒದ್ದೆ ಗೋಣಿಯಿಂದ ವೀಳ್ಯದೆಲೆ ತೆಗೆದು ಒರೆಸುತ್ತ ಕೇಳಿದ.

"ಗೌಡ, ನಿಮ್ಮ ಭಾವ, ಒಪ್ಯಾನೇನು?"

"ಅವಗ ಹೇಳೇ ಇಲ್ಲ."

"ಮಿಸ್ತ್ರಿ, ನೀ ಶಟರ್ ಕೂಡಸಾಂವ. ಮುಚ್ಚಿದ್ದು ತೆಗಿಯೂದು ನಿನಗ ಬರತೈತೋ ಇಲ್ಲೋ ನೋಡೇಬಿಡೋಣ ನಡಿ." ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಸವಣೂರ ಖಾರ ಎಂಬ ಕುರುಕಲಿನ ಪೊಟ್ಟಣ ಕಟ್ಟಿಸಿಕೊಂಡು ವ್ಯಾನು ಹತ್ತಿದ.

ಹೊಲ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಕ್ಕ ದಾರಿ ಕಾಯುತ್ತ ನಿಂತಿದ್ದಳು. ಭಾವ ದೂರದ ಬೇವಿನ ಮರದ ಕೆಳಗೆ ಎತ್ತಿಗೆ ಮೇವು ಹಾಕುತ್ತಿದ್ದ. ನಮ್ಮನ್ನು ನೋಡಿದ, ಬಾ ಅನ್ನಲಿಲ್ಲ. ಕಟಾವಾದ ಬಯಲು ನೆಲದ ಮಧ್ಯೆ ವ್ಯಾನು ನಿಲ್ಲಿಸಿ ಬೋಗುಣಿಯ ಕಾಲು ಬಿಚ್ಚಿದೆ.

"ಮನಿಗೆ ಬರಬಾರದೇನು ಮೊದಲ?" ಅಕ್ಕ ಚುಚ್ಚಿದಳು. "ಹೊಲಕ್ಕ ಬರ್ತಿ, ವ್ಯಾನಿನ್ಯಾಗ ಮಲಗ್ತಿ, ಹೋಗ್ತಿ. ನನ್ನ ಮನಿ ಹೊಸ್ತಿಲ ಅಷ್ಟು ಎತ್ತರ ಆಗೇತೇನು ನಿನಗ?"

ಇದು ಅವಳ ಹಳೆಯ ದೂರು. ಯಾರ ಮನೆಯಲ್ಲೂ ಹಾಸಿಗೆ ಕೇಳದವನು ಎಂಬುದು ನನ್ನ ಹೆಮ್ಮೆ. ಅಕ್ಕನ ಮನೆ ಆ 'ಯಾರ' ಎಂಬುದರೊಳಗೆ ಬರುತ್ತದೆಯೇ ಎಂದು ನಾನು ಕೂತು ಯೋಚಿಸಿದವನಲ್ಲ. ಅರ್ಧ ಚೀಲ ಕಲ್ಲು ಹರವಿ ಪೈಪು ಜೋಡಿಸಿದೆ.

ಸಿಲಿಂಡರ್ ತರಲು ವ್ಯಾನಿನ ಆಚೆ ಬದಿಗೆ ಹೋಗಿ ಬರುವಷ್ಟರಲ್ಲಿ ಅಕ್ಕ ತನ್ನ ಕೆಲಸ ಮುಗಿಸಿದ್ದಳು. ಹೊಸ ಒಲೆಯನ್ನು ಪೂಜೆ ಮಾಡದೆ ಹಚ್ಚುವುದುಂಟೇ? ಕೊಡದ ನೀರಿನಿಂದ ಬೋಗುಣಿಯಲ್ಲಿದ್ದ ಕರಿ ಕಲ್ಲುಗಳನ್ನೆಲ್ಲ ತೊಳೆದು, ಬೋಗುಣಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವಿನ ದೊಡ್ಡ ಕಲ್ಲಿಗೆ ಕುಂಕುಮ ಇಟ್ಟಿದ್ದಳು. ಮೇಲೊಂದು ಚೆಂಡು ಹೂವು. ಕಲ್ಲು ನೋಡಲು ಚೆಂದವೇ ಕಾಣುತ್ತಿದ್ದವು. ನಾನೂ ನನ್ನ ಹೊಸ ಯಂತ್ರಗಳಿಗೆ ಹೀಗೆಯೇ ಮಾಡುತ್ತೇನೆ, ಹಾಗಾಗಿ ಏನೂ ಅನಿಸಲಿಲ್ಲ. ಹೂವು ತೆಗೆದು ಕೈಮುಗಿದು ಹಚ್ಚಿದೆ.

ಬೆಂಕಿ ಚೆನ್ನಾಗಿ ಎದ್ದಿತು. ವ್ಯಾಪಾರಿ "ವ್ಹಾ" ಎಂದು ಕೈ ಚಾಚಿದ. ಅಷ್ಟರಲ್ಲಿ ಫಟ್ ಎಂದಿತು. ಇನ್ನೊಮ್ಮೆ ಫಟ್. ಆ ಕಲ್ಲುಗಳು ತೂತು ತೂತಾಗಿ ನೀರು ಕುಡಿಯುವಂಥವು. ಒಳಗೆ ಸೇರಿದ ನೀರು ಕುದ್ದು ಕಲ್ಲು ಸಿಡಿಯುತ್ತಿತ್ತು. ಒಂದು ಚೂರು ಬೋಗುಣಿಯಿಂದ ಹಾರಿ ಪಕ್ಕದ ಒಣ ಹುಲ್ಲಿಗೆ ಬಿತ್ತು. ಮರದ ಕೆಳಗೆ ಎತ್ತು ಹಗ್ಗ ಜಗ್ಗಿತು. ಭಾವ ಓಡಿ ಬಂದವನೇ ಆ ಚೂರನ್ನು ಕೆರದ ಕಾಲಿನಿಂದ ತಿಕ್ಕಿ ತಿಕ್ಕಿ ಮಣ್ಣು ಮಾಡಿದ.

"ಆರಸು," ಎಂದ. ಅಷ್ಟೇ.

ನಾನು ಗುಂಡಿ ತಿರುವಿದೆ. ಬೆಂಕಿ ಹೋಯಿತು.

ಭಾವ ಇನ್ನೂ ಬೈಯುವವನಿದ್ದ, ಬಾಯಿ ತೆರೆದೇ ಇತ್ತು. ಬೋಗುಣಿಯನ್ನೇ ನೋಡಿದ. ಬಗ್ಗಿ ಕಲ್ಲಿನ ಸಂದಿಯಲ್ಲಿ ಕಣ್ಣು ಹಾಯಿಸಿದ.

"ಎಲ್ಲಿ ಹೋತು?"

"ಆರಿತು."

"ಒಳಗ ಕೆಂಡ?"

"ಕೆಂಡ ಇಲ್ಲ ಭಾವ. ಕಲ್ಲು ಬಿಸಿ ಇರತಾವ, ಅಷ್ಟ. ಅಕ್ಕ ನೀರು ಹಾಕಿ ತೊಳದಾಳ, ಅದಕ್ಕ ಸಿಡದುವು. ಒಣಾ ಕಲ್ಲು ಸಿಡಿಯೂದಿಲ್ಲ."

"ಕಲ್ಲಿಗೆ ನೀರು ಹಾಕಬಾರದು ಅಂತ ನನಗೇನ ಗೊತ್ತು?" ಎಂದಳು ಅಕ್ಕ. "ಹುಟ್ಟಿದಾಗಿಂದ ಹಾಕ್ಕೋತನ ಬಂದೇನಿ."

ವ್ಯಾಪಾರಿ ನಕ್ಕ. ಭಾವ ನಗಲಿಲ್ಲ, ಆದರೆ ಹಿಂತಿರುಗಿ ಹೋಗಲೂ ಇಲ್ಲ. ಬಣವೆ ಸುಟ್ಟ ದಿನ ಅವನು ಎಷ್ಟು ಹೊತ್ತು ಆ ಬೆಂಕಿಯೊಡನೆ ಗುದ್ದಾಡಿದ್ದನೋ, ಅದು ಆರದೆ ಇದ್ದದ್ದೇ ಅವನೊಳಗೆ ಉಳಿದಿತ್ತು ಎಂದು ನನಗೆ ಆಗ ತಿಳಿಯಿತು. ಬಣವೆ ಹೋದದ್ದಕ್ಕಲ್ಲ ಅವನು ಹೆದರಿದ್ದು. ಬೆಂಕಿ ತನ್ನ ಮಾತು ಕೇಳಲಿಲ್ಲ ಎಂಬುದಕ್ಕೆ.

"ನಾ ತಿರುವಲೇನು?" ಎಂದು ಕೇಳಿದ.

ಹಸಿ ಕಲ್ಲುಗಳನ್ನೆಲ್ಲ ಇಕ್ಕಳದಿಂದ ಎತ್ತಿ ಬದಿಗಿಟ್ಟು, ಚೀಲದಲ್ಲಿ ಉಳಿದಿದ್ದ ಒಣ ಕಲ್ಲು ಹರವಿದೆ. ಭಾವನೇ ಗುಂಡಿ ತಿರುವಿದ, ನಾನು ಕಡ್ಡಿ ಗೀರಿದೆ. ಬೆಂಕಿ ಬಂತು. ಆರಿಸಿದ. ಮತ್ತೆ ಹಚ್ಚಿಸಿದ, ದೊಡ್ಡದು ಮಾಡಿದ, ಸಣ್ಣದು ಮಾಡಿದ. ಒಂದು ಕಡ್ಡಿಪೆಟ್ಟಿಗೆ ಖಾಲಿಯಾಗುತ್ತ ಬಂತು. ಕೊನೆಗೆ ಅಕ್ಕ ಹೇಳಿದಳು:

"ಕಿವಿ ಹಿಂಡಿದ್ರ ಸುಮ್ಮನಾಗೂ ಬೆಂಕಿ. ಇಂಥಾದೊಂದು ಮದವಿಗಿಂತ ಮೊದಲ ನನಗ ಸಿಕ್ಕಿದ್ರ ಚೊಲೋ ಇತ್ತು."

"ನನ್ನ ಕಿವಿ ಹಿಂಡಿದ್ದು ಸಾಲದಾಗೇತಿ ಈಕಿಗೆ," ಎಂದ ಭಾವ. ಹಾಗೆ ಅನ್ನುತ್ತ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ತೆನೆ ಕೊಯ್ಯಲು ಎದ್ದಳು.

ತೆನೆ ಬಂದವು. ಈಗ ನನ್ನ ಸರದಿ. ಇಡೀ ದಾರಿ ವ್ಯಾಪಾರಿಯ ಮುಂದೆ ಕೊಚ್ಚಿಕೊಂಡು ಬಂದಿದ್ದೆ, ಗ್ಯಾಸಿನ ಮೇಲೆ ಸೀತನಿ ಸುಟ್ಟ ಮೊದಲ ಗಂಡಸು ನಾನೇ ಎಂದು. ತೆನೆಯ ದಂಟು ಹಿಡಿದು ಉರಿಯ ಮೇಲೆ ಒಡ್ಡಿದೆ. ತೆನೆಯ ಸಿಪ್ಪೆ ಚಟಚಟ ಎಂದು ಒಂದೇ ಗಳಿಗೆಯಲ್ಲಿ ಕರ್ರಗಾಯಿತು. ಗೋಣಿಯ ಮೇಲೆ ಬಡಿದರೆ ಕಾಳು ಉದುರಲೇ ಇಲ್ಲ. ಉಗುರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಮೇಲೆ ಇದ್ದಿಲು, ಒಳಗೆ ಹಸಿ ಹಾಲು. ಉರಿ ಸಣ್ಣ ಮಾಡಿ ಇನ್ನೊಂದು ಹಿಡಿದೆ, ದೂರ ಹಿಡಿದೆ, ಕಲ್ಲಿನ ಮೇಲೇ ಮಲಗಿಸಿದೆ. ಒಂದು ಒಣಗಿ ಸೆಟೆಯಿತು, ಇನ್ನೊಂದು ದಂಟಿನ ತನಕ ಹೊತ್ತಿಕೊಂಡಿತು.

ವ್ಯಾಪಾರಿ ಒಂದು ಕಾಳು ಅಗಿದು ಮೆಲ್ಲಗೆ ಉಗುಳಿದ. "ಮಿಸ್ತ್ರಿ, ಖಾರ ತಂದೇನಿ, ಚಿಂತಿಲ್ಲ. ಅದನ್ನ ಉಣ್ಣೋಣು."

"ಇನ್ನೊಂದು ನೋಡ್ತೇನಿ."

"ಸಾಕು ಬಿಡೋ, ತೆನಿ ಹಾಳ ಮಾಡಬ್ಯಾಡ," ಎಂದ ಭಾವ. ನನ್ನ ಕೈಯಿಂದ ಸುಟ್ಟ ತೆನೆ ತೆಗೆದುಕೊಂಡು ಮೂಸಿದ. "ನೋಡು. ಇದು ಬೆಳಕು. ಮ್ಯಾಲ ಹಾಯ್ದು ಹೋಗತೈತಿ. ಸೀತನಿ ಸುಡೂದು ಉರಿ ಅಲ್ಲ, ಬೂದಿ. ಬೂದಿ ಒಳಗ ಹುಗದು ಇಟ್ರ ತೆನಿ ತನ್ನ ನೀರಾಗ ತಾನ ಬೇಯತೈತಿ. ನಿನ್ನ ಬೋಗುಣ್ಯಾಗ ಬೂದಿ ಎಲ್ಲೈತಿ?"

ಮಗಳು ಹೇಳಿದ್ದನ್ನು ನೆನೆದೆ. ಬೂದಿ ಇಲ್ಲ ಎಂಬುದೇ ಅದರ ಗುಣ ಎಂದು ಅವಳು ಹೇಳಿದ್ದಳು. ಅಕ್ಕನಿಗೆ ಬಿಸಿ ಬಿಸೀನ ಎಂದಿದ್ದೆನಲ್ಲ, ಅಲ್ಲಿಯೇ ನಾನು ತಪ್ಪಿದ್ದೆ. ಬೆಸುಗೆಯ ಬೆಂಕಿ ಬೇರೆ, ಕುಲುಮೆಯ ಬೆಂಕಿ ಬೇರೆ ಎಂದು ಬಲ್ಲವನು ನಾನು. ಒಂದರಲ್ಲಿ ಮಾಡುವ ಕೆಲಸ ಇನ್ನೊಂದರಲ್ಲಿ ಆಗುವುದಿಲ್ಲ ಎಂದು ಎಷ್ಟು ಜನರಿಗೆ ಹೇಳಿದ್ದೇನೋ.

ಅಂದು ಖಾರ, ರೊಟ್ಟಿ, ಮೊಸರು ಉಂಡೆವು. ಭಾವ ಬೋಗುಣಿಯ ಮುಂದಿನಿಂದ ಏಳಲಿಲ್ಲ. ಬಣವೆ ಸುಟ್ಟ ಆ ಮಧ್ಯಾಹ್ನದ ಮಾತನ್ನು ಅವನೇ ತೆಗೆದ.

"ನಮ್ಮಪ್ಪ ಮಾಡಿದಂಗ ಮಾಡಿದೆ. ಮಣ್ಣು ಎಳದೆ, ಕೈ ಮುಗದೆ. ಅಪ್ಪನ ಕಾಲಕ್ಕ ಹೊಲದಾಗ ಹಸಿ ಇರತಿತ್ತು, ಮಣ್ಣು ಹೆಪ್ಪಾಗಿ ಕುಂದರತಿತ್ತು. ಅವತ್ತ ಮಣ್ಣು ಸುಣ್ಣದಂಗ ಇತ್ತು. ನಾ ಮಣ್ಣು ನೋಡಲಿಲ್ಲ, ರೂಢಿ ನೋಡಿದೆ."

ಅಕ್ಕಿಆಲೂರಿನ ಕಾವಲುಗಾರ ಹೇಳಿದ್ದು ಪೂರ್ತಿ ಖರೆಯಲ್ಲ ಎನಿಸಿತು. ಕೈಗೆ ಕೆಲಸವಿಲ್ಲದ ಬೆಂಕಿಯ ಮುಂದೂ ಮಾತು ಹೊರಡುತ್ತದೆ. ಭಾವನ ಒಂದು ಕೈ ಗುಂಡಿಯ ಮೇಲೇ ಇತ್ತು. ಎದ್ದು ಹೋಗುವಾಗ ತಾನೇ ಆರಿಸಿದ. ವ್ಯಾಪಾರಿ ಅವರ ಜೊತೆ ಮನೆಗೆ ಹೋದ, ನಾನು ವ್ಯಾನಿನಲ್ಲೇ ಉಳಿದೆ. ನಾಳೆ ಅಕ್ಕ ಬಂದು ತೆನೆ ನೋಡುತ್ತಾಳೆ, ಬಲಿತವು ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡು ಕೌದಿ ಹೊದ್ದೆ.

ಬೆಳಿಗ್ಗೆ ಸಲಿಕೆಯ ಸಪ್ಪಳಕ್ಕೆ ಎಚ್ಚರವಾಯಿತು. ಬಾಗಿಲು ಸರಿಸಿ ನೋಡಿದರೆ ಭಾವ ಬಯಲು ನೆಲದ ನಟ್ಟನಡುವೆ ಕುಣಿ ತೋಡುತ್ತಿದ್ದ. ಸುತ್ತಲಿನ ನೆಲಕ್ಕೆ ನೀರು ಹೊಡೆದು ಹಸಿ ಮಾಡಿದ್ದ. ಎತ್ತನ್ನು ಮನೆಗೆ ಕಳಿಸಿದ್ದ. ಅಕ್ಕನ ತಲೆಯ ಮೇಲೆ ಕುಳ್ಳಿನ ಬುಟ್ಟಿ. ವ್ಯಾಪಾರಿ ಬೆಲ್ಲದ ಅಚ್ಚು ಹಿಡಿದು ಚಳಿಗೆ ಹಲ್ಲು ಕಡಿಯುತ್ತ ಹಿಂದೆ ಬರುತ್ತಿದ್ದ.

"ಏಳಪಾ, ನಿನ್ನ ದೀಪ ಹಚ್ಚು," ಎಂದ ಭಾವ. "ತಿನ್ನಾಕ ಬರದಿದ್ರೂ ಹೊತ್ತಸಾಕ ಬರತೈತಿ."

ಕುಳ್ಳು ಹೊತ್ತಿಸಲು ಮೊದಲೆಲ್ಲ ಒಣ ಹುಲ್ಲು, ಜೋಳದ ಒಣ ಎಲೆಯ ರವದಿ ಬೇಕಾಗುತ್ತಿತ್ತು. ಗಾಳಿಗೆ ಹಾರುವುದು ಅವೇ. ನನ್ನ ಪೆಟ್ಟಿಗೆಯಲ್ಲಿ ಉಳಿಕೆ ಶಟರ್ ಪಟ್ಟಿಗಳಿದ್ದವು. ಅವನ್ನು ಬೋಗುಣಿಗೆ ಅಡ್ಡ ಜೋಡಿಸಿ, ಮೇಲೆ ಕುಳ್ಳು ಪೇರಿಸಿ ಹಚ್ಚಿದೆ. ಒಂದು ಕಿಡಿ ಹಾರದೆ ಕುಳ್ಳು ಅಂಚಿನಿಂದ ಕೆಂಪಾಗುತ್ತ ಬಂದವು. ಹೊತ್ತಿದವನ್ನು ಭಾವ ಸಲಿಕೆಯಲ್ಲಿ ಎತ್ತಿ ಕುಣಿಗೆ ಇಳಿಸಿದ. ಆ ಹೊಗೆಯ ವಾಸನೆ ಬಂದಾಗ ಅವನ ಕೈ ಒಂದು ಗಳಿಗೆ ನಿಂತಿತು. ನಾವು ಬೇರೆ ಕಡೆ ನೋಡಿದೆವು. ಆಮೇಲೆ ಅವನು ಮೊದಲ ತೆನೆಯನ್ನು ಬೂದಿಯಲ್ಲಿ ಹೂತ.

ಆ ಸೀತನಿಯ ರುಚಿಯನ್ನು ನಾನು ಬರೆಯಲಾರೆ. ಹಸಿರು ಕಾಳು, ಬಿಸಿ, ಸ್ವಲ್ಪ ಹೊಗೆ, ಸ್ವಲ್ಪ ಸಿಹಿ. ವ್ಯಾಪಾರಿ ಅಂಗೈಯಲ್ಲಿ ಊದಿ ಊದಿ ತಿಂದ. "ಗೌಡ್ರ, ಎರಡು ವರ್ಷದ್ದು ಬಾಕಿ ಐತಿ ನಂದು, ಕೈ ಬಿಗಿ ಹಿಡೀಬ್ಯಾಡ್ರಿ," ಎಂದ. ಭಾವ ಇನ್ನೊಂದು ತೆನೆ ಬಡಿದು ಅವನ ಮುಂದೆ ಸುರಿದ.

ತಿಂದು ಮುಗಿಯಿತು. ಕುಣಿಯಲ್ಲಿ ಕೆಂಡ ಉಳಿದಿತ್ತು. ಮಣ್ಣು ಎಳೆಯುವ ಧೈರ್ಯ ಭಾವನಿಗಿಲ್ಲ, ನೀರು ಹೊಯ್ಯುವ ಮನಸ್ಸು ಅಕ್ಕನಿಗಿಲ್ಲ. ಕೊಡ ಅವಳ ಪಕ್ಕದಲ್ಲೇ ಇತ್ತು, ಅವಳು ಅದನ್ನು ಮುಟ್ಟಲಿಲ್ಲ. ಈ ಬೆಂಕಿಗೆ ಹಿಂಡಲು ಕಿವಿ ಇಲ್ಲ.

ಆಗ ಮಂಚದ ಕೆಳಗಿನ ಬುಟ್ಟಿ ನೆನಪಾಯಿತು.

"ಅಕ್ಕಾ, ಜಳಕದ ಹಂಡೆದ ಒಲಿ ಹಚ್ಚಿಯೇನು?"

"ಇನ್ನೂ ಇಲ್ಲ."

ಬುಟ್ಟಿ ತಂದೆ. ಭಾವ ಇಕ್ಕಳದಿಂದ ಒಂದೊಂದೇ ಕೆಂಡ ಎತ್ತಿ ಅದರಲ್ಲಿ ಇಟ್ಟ. ಕುಣಿ ಕೆದರಿ ಕೆದರಿ ಹುಡುಕಿದ. ಮುಚ್ಚಳ ಹಾಕಿ ಹಿಡಿಕೆಗೆ ಹಸಿ ಗೋಣಿ ಸುತ್ತಿ ನಾನು ಹೊತ್ತೆ. ಭಾವ ಮಾತ್ರ ಅಲ್ಲೇ ಕುಳಿತ.

"ನೀವು ನಡೀರಿ. ಈ ಬೂದಿ ನನ್ನ ಕೈಗೆ ತಣ್ಣಗ ಹತ್ತೂ ಮಟ ನಾ ಏಳೂದಿಲ್ಲ."

ಅಕ್ಕನ ಮನೆಯ ಹೊಸ್ತಿಲ ಮುಂದೆ ನಾನು ಅರೆಗಳಿಗೆ ನಿಂತೆ. ಎರಡೂ ಕೈಯಲ್ಲಿ ಕೆಂಡವಿತ್ತು, ನಿಲ್ಲುವಂತಿರಲಿಲ್ಲ. ಅಕ್ಕ ಹಿಂದಿನಿಂದ ಹೇಳಿದಳು, "ದಾಟು, ಎಡವೂದಿಲ್ಲ." ಕೆಂಡವನ್ನು ಹಂಡೆಯ ಒಲೆಗೆ ಸುರಿದೆವು. ನೀರು ಕಾಯಿತು. ಆ ನೀರಿನಲ್ಲೇ ಜಳಕ ಮಾಡಿಸಿ, ಉಣ್ಣಿಸಿ, ಅಕ್ಕ ನನ್ನನ್ನು ಮಧ್ಯಾಹ್ನದವರೆಗೆ ಬಿಡಲಿಲ್ಲ. ಒಂದು ಜಾವ ನಿದ್ದೆಯನ್ನೂ ಮಾಡಿದೆ, ಅವಳು ಹಾಸಿದ ಚಾಪೆಯ ಮೇಲೆ.

ವ್ಯಾನಿಗೆಂದು ವ್ಯಾಪಾರಿಯೊಡನೆ ಹೊಲಕ್ಕೆ ಬಂದಾಗ ಕುಣಿ ಮುಚ್ಚಿತ್ತು. ಭಾವ ಅಂಚಿನ ಸಾಲಿನಲ್ಲಿ ನಿಂತಿದ್ದ. ಕೊಯ್ಯದೆ ಬಿಟ್ಟಿದ್ದ ಎತ್ತರದ ಕೆಲವು ತೆನೆಗಳಿಗೆ ತಲೆಗೆ ಸುತ್ತುವ ತನ್ನ ಹಳೆಯ ಪಟಗದ ಬಟ್ಟೆಯನ್ನು ಹರಿದು ಒಂದೊಂದಾಗಿ ಮುಸುಕು ಕಟ್ಟುತ್ತಿದ್ದ.

"ಇದ್ಯಾಕ ಭಾವ?"

"ಹಕ್ಕಿ ತಿಂತಾವ."

ತಿನ್ನುವ ಜೋಳಕ್ಕೆ ಯಾರೂ ಹಕ್ಕಿಗೆ ಹೆದರಿ ಮುಸುಕು ಕಟ್ಟುವುದಿಲ್ಲ. ಬಲಿತು ಬೀಜವಾಗಲಿ ಎಂದು ಬಿಟ್ಟ ತೆನೆಗೆ ಮಾತ್ರ ಕಟ್ಟುತ್ತಾರೆ. ವ್ಯಾಪಾರಿಗೂ ಅದು ತಿಳಿದಿತ್ತು. ಪೈಪು ಸುತ್ತಿ, ತಣ್ಣಗಾದ ಕಲ್ಲುಗಳನ್ನು ಚೀಲಕ್ಕೆ ತುಂಬಿ, ಕುಂಕುಮದ ಕಲ್ಲನ್ನು ಒರೆಸದೆ ಹಾಗೆಯೇ ಇಟ್ಟೆ. ಭಾವ ಕಟ್ಟುವುದನ್ನು ಬಿಟ್ಟು ಬಂದ. ಸಿಲಿಂಡರಿನ ಗುಂಡಿ ಮುಚ್ಚಿಯೇ ಇತ್ತು. ಆದರೂ ಬಗ್ಗಿ ಅದನ್ನು ಇನ್ನೊಮ್ಮೆ ಬಿಗಿಯಾಗಿ ತಿರುವಿ ನೋಡಿ, ತನ್ನ ಸಾಲಿಗೆ ಮರಳಿ ಹೋದ.